ಕಪ್ಪು ಸೋಪಿಗೊಂದು ಜಾಗ

ಸೊಸೆ ರಟ್ಟಿನ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು, ಬಾಯಿಗೆ ಸುತ್ತಿದ್ದ ಟೇಪನ್ನು ಸ್ಕ್ರೂಡ್ರೈವರಿನ ತುದಿಯಿಂದ ಸೀಳುವ ಹೊತ್ತಿಗೆ ನಲವತ್ತಣ್ಣ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ. ಪೆಟ್ಟಿಗೆಯಿಂದ ಎರಡು ಸಾಮಾನು ಹೊರಬಂದವು. ಒಂದು, ಅಂಗೈಗಿಂತ ತುಸು ದೊಡ್ಡದಾದ ಪರದೆ. ಇನ್ನೊಂದು, ಉದ್ದನೆಯ ವೈರಿನ ತುದಿಗೆ ಅಂಟಿಕೊಂಡಿದ್ದ ಕಪ್ಪು ಗಟ್ಟಿ. ಅರ್ಧ ತೇದ ಬಟ್ಟೆ ಸೋಪಿನಷ್ಟಿತ್ತು. ಅದಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆಂದು ಸೊಸೆ ಹೇಳಿದಳು. ಆ ಹೆಸರು ಯಾರ ನಾಲಿಗೆಗೂ ಒಗ್ಗದೆ ಮನೆಯಲ್ಲಿ ಅದು ಅಂದೇ ಸೋಪು ಆಯಿತು. ಸೋಪನ್ನು ದೋಣಿಗೆ ಕೂರಿಸಿದರೆ ಅದು ನೀರಿನೊಳಗೆ ಶಬ್ದ ಬಿಡುತ್ತದೆ, ಶಬ್ದ ತಳಕ್ಕೆ ಬಡಿದು ವಾಪಸು ಬರುತ್ತದೆ, ಆಗ ಮೀನು ಎಲ್ಲಿದೆ, ಕಲ್ಲು ಎಲ್ಲಿದೆ, ನೀರು ಎಷ್ಟು ಆಳವಿದೆ ಎಲ್ಲವೂ ಪರದೆಯ ಮೇಲೆ ಬರುತ್ತದೆ ಎಂದು ಅವಳು ವಿವರಿಸಿದಳು. ಮೀನಿಗೂ ಕಲ್ಲಿಗೂ ತಲೆಯಾಡಿಸಿದ ನಲವತ್ತಣ್ಣನಿಗೆ ಆಳ ಎಂಬ ಮಾತು ಕಿವಿಗೆ ಬಿದ್ದದ್ದೇ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸೊಸೆ ಬೆನ್ನು ತಟ್ಟಿದಳು.

ಅವನಿಗೆ ಆ ಹೆಸರು ಬಂದ ಬಗೆ ತಿಳಿದವರಿಗೆ ಈ ಕೆಮ್ಮು ಅರ್ಥವಾದೀತು. ಕೆರೆಯ ನಟ್ಟನಡುವೆ ಒಂದು ಗುಂಡಿಯಿದೆ. ನಲವತ್ತಣ್ಣ ಹರೆಯದಲ್ಲಿ ಹೊಸ ದೋಣಿ ಇಳಿಸಿದ ವರ್ಷ, ಮನೆಯಲ್ಲಿ ಕೈಗೆ ಸಿಕ್ಕ ಹಗ್ಗಕ್ಕೆ ತಕ್ಕಡಿಯ ಕಬ್ಬಿಣದ ಕಲ್ಲು ಕಟ್ಟಿ ಅಲ್ಲಿ ಇಳಿಬಿಟ್ಟಿದ್ದ. ಮೇಲೆತ್ತಿ, ಎರಡೂ ಕೈ ಚಾಚಿ, ಒದ್ದೆಯಾದ ಭಾಗವನ್ನು ಮಾರು ಮಾರಾಗಿ ಅಳೆದ. ಏಳು ಮಾರಿಗೆ ಒಂದು ಮೊಳ ಕಮ್ಮಿ. ನಂಬದೆ ಮತ್ತೆರಡು ಸಲ ಇಳಿಸಿದ. ಮೂರು ಸಲವೂ ಅಷ್ಟೇ ಬಂತು. ಮಾರನೆಯ ದಿನ ಗಾಳ ಹಾಕಲು ಬಂದ ಗಿರಾಕಿಯೊಬ್ಬ ಇಲ್ಲಿ ಎಷ್ಟು ಆಳ ಎಂದು ಕೇಳಿದ. ಏಳು ಎನ್ನಲು ಬಾಯಿ ತೆರೆದವನಿಗೆ, ಆ ಮನುಷ್ಯ ಆಸೆಯಿಂದ ನೀರಿಗೆ ಬಗ್ಗಿದ್ದನ್ನು ಕಂಡು ಏನನ್ನಿಸಿತೋ, ನಲವತ್ತು ಮಾರು ಎಂದುಬಿಟ್ಟ. ಗಿರಾಕಿ ಹುಬ್ಬೇರಿಸಿದ. ಆ ಹುಬ್ಬು ಏರಿದ ಸೊಗಸಿಗೆ ನಲವತ್ತಣ್ಣ ಮನಸೋತ. ಮುಂದಿನ ವರ್ಷ ಆ ಗುಂಡಿಗೆ ಎಳೆಗರುವಿನ ಗಾತ್ರದ ಒಂದು ಮೀನೂ ಬಂದು ಸೇರಿಕೊಂಡಿತು. ಮೂವತ್ತನಾಲ್ಕು ವರ್ಷ ಜನ ಆ ಗುಂಡಿ ನೋಡಲೆಂದೇ ಅವನ ದೋಣಿ ಹತ್ತಿದರು, ಜೆಟ್ಟಿಯ ಮಿಕ್ಕ ದೋಣಿಯವರೂ ಅದನ್ನೇ ಹೇಳಿಕೊಂಡು ಗಿರಾಕಿ ಕರೆದರು. ಅಳೆದು ನೋಡುತ್ತೇನೆಂದು ಒಬ್ಬರೂ ಹೊರಡಲಿಲ್ಲ. ಅಷ್ಟುದ್ದದ ಹಗ್ಗ ಯಾರ ಬಳಿ ಇರುತ್ತದೆ. ಈಗ ಅಂಗೈಯಗಲದ ಈ ಪರದೆ ಅದನ್ನು ಹಗ್ಗವಿಲ್ಲದೆ ಅಳೆಯುತ್ತದಂತೆ.

ಸೊಸೆಗೆ ಈ ಹುಚ್ಚು ಹಿಡಿದದ್ದು ಬೆಳ್ಳಿಹಲ್ಲಿನವನಿಂದ. ಮುಂದಿನ ಹಲ್ಲೊಂದಕ್ಕೆ ಬೆಳ್ಳಿ ಕಟ್ಟಿಸಿಕೊಂಡಿದ್ದ ಆ ದೋಣಿಯವನು ಕಳೆದ ತಿಂಗಳು ಇಂಥದೇ ಯಂತ್ರ ತಂದು ಹಾಕಿಸಿಕೊಂಡಿದ್ದ. ಅದರ ಸೋಪನ್ನು ಪ್ರೊಪೆಲರಿನ ಪಕ್ಕದಲ್ಲೇ ಜಡಿದಿದ್ದರಿಂದ, ಪ್ರೊಪೆಲರು ಎಬ್ಬಿಸುವ ಗುಳ್ಳೆಗಳನ್ನೆಲ್ಲ ಅದು ಮೀನೆಂದು ಎಣಿಸುತ್ತಿತ್ತು. ಹೊರಟ ಗಳಿಗೆಯಿಂದ ವಾಪಸು ಬರುವವರೆಗೆ ಪರದೆಯ ತುಂಬ ಮೀನೇ ಮೀನು. ಗಿರಾಕಿಗಳು ಖುಷಿಯಿಂದ ಗಾಳ ಹಾಕಿ, ಖಾಲಿ ಬುಟ್ಟಿಯೊಂದಿಗೆ ಇಳಿದು, ತಮ್ಮ ಕೈಗುಣವನ್ನೇ ಬೈದುಕೊಂಡು ಹೋಗುತ್ತಿದ್ದರು. ಇದನ್ನು ನೋಡಿದ ಸೊಸೆಗೆ ಹೊಟ್ಟೆ ಉರಿದದ್ದು ಗಿರಾಕಿ ಹೋದದ್ದಕ್ಕಲ್ಲ, ಕೆಲಸ ಕೆಟ್ಟದ್ದಕ್ಕೆ. ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆ, ಫೋನು ಬಿಚ್ಚಿ ಜೋಡಿಸುವುದು ಅವಳ ಕಸುಬು. ಅವಳ ಗಂಡ ಬಸ್ ಓಡಿಸುತ್ತಿದ್ದ. ಜೆಟ್ಟಿಗೆ ಕಟ್ಟಿದ ದೋಣಿಯಲ್ಲಿ ಕಾಲಿಟ್ಟರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ರಜೆಯ ದಿನಗಳಲ್ಲಿ ಮಾವನ ಜೊತೆ ದೋಣಿಗೆ ಹೋಗುವುದು ಸೊಸೆಯ ಪಾಲಿಗೆ ಬಂದು, ಬಂದದ್ದು ಹಾಗೇ ಉಳಿದಿತ್ತು.

ಸೋಪನ್ನು ಕೂರಿಸಲು ನಾಲ್ಕು ದಾರಿಗಳಿವೆ ಎಂದು ಅವಳು ಕೈಪಿಡಿ ಓದಿ ಹೇಳಿದಳು. ದೋಣಿಯ ತಳಕ್ಕೆ ತೂತು ಕೊರೆದು ತೂರಿಸುವುದು ಒಂದು. ತೂತು ಕೊರೆಯದೆ ಒಳಗಿನಿಂದಲೇ ತಳಕ್ಕೆ ಅಂಟಿಸಿ, ದೋಣಿಯ ಫೈಬರಿನ ಮೂಲಕವೇ ಶಬ್ದ ಹಾಯಿಸುವುದು ಇನ್ನೊಂದು. ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ ಬಿಗಿಯುವುದು ಮೂರನೆಯದು. ಕೋಲೊಂದಕ್ಕೆ ಕಟ್ಟಿ ಪಕ್ಕದಿಂದ ನೀರಿಗೆ ಇಳಿಬಿಡುವುದು ಕೊನೆಯದು. ದೋಣಿಯ ಮೂಳೆ ಮೂಳೆ ಬಲ್ಲವರು ನೀವು, ನೀವು ಹೇಳಿದ ಹಾಗೆ ಮಾಡೋಣ ಎಂದಳು.

ನಲವತ್ತಣ್ಣ ರಾತ್ರಿ ಮಲಗುವ ಮುಂಚೆ ಒಂದು ನಿರ್ಧಾರಕ್ಕೆ ಬಂದಿದ್ದ. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಸಹಾಯಕ್ಕೆ ನಿಂತವನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಯಂತ್ರ ಕೂರಬೇಕು, ಆದರೆ ಕೆಲಸ ಮಾಡಬಾರದು. ನಾಲ್ಕು ದಿನ ಒದ್ದಾಡಿ ಸೊಸೆ ತಾನಾಗಿಯೇ ಅದನ್ನು ಅಟ್ಟಕ್ಕೆ ಎಸೆಯಬೇಕು.

ತಳಕ್ಕೆ ತೂತು ಎಂಬ ಮಾತನ್ನು ಅವನು ಕಿವಿಗೂ ಹಾಕಿಕೊಳ್ಳಲಿಲ್ಲ; ಎಷ್ಟೇ ತುಂಟತನವಿದ್ದರೂ ತನ್ನ ದೋಣಿಗೆ ತಾನೇ ತೂತು ಕೊರೆಸುವಷ್ಟು ಕೆಟ್ಟಿರಲಿಲ್ಲ. ಕೋಲು ಜೆಟ್ಟಿಯ ಕಂಬಕ್ಕೆ ತಾಗಿ ಮುರಿಯುತ್ತದೆ ಎಂದ. ಅದು ನಿಜವೇ ಆಗಿತ್ತು. ಆಮೇಲೆ ದನಿಗೆ ಬೆಣ್ಣೆ ಸವರಿಕೊಂಡು ಶುರುಮಾಡಿದ.

"ನೋಡು ಮಗಳೇ, ಒಳಗೆ ಅಂಟಿಸೋದೇ ವಾಸಿ. ನಡು ಸೀಟಿನ ಕೆಳಗೆ. ಅಲ್ಲಿ ದೋಣಿ ಅಲ್ಲಾಡೋದೇ ಇಲ್ಲ."

ಅವನು ಸೊಸೆಯನ್ನು ದಿನವೂ ಕರೆಯುತ್ತಿದ್ದದ್ದು ಏನಮ್ಮಾ ಎಂದು. ಮಗಳೇ ಎಂದದ್ದು ಅದೇ ಮೊದಲು. ಸೊಸೆ ತಲೆಯೆತ್ತಿ ಒಂದು ಕ್ಷಣ ನೋಡಿದಳು, ಸರಿ ಮಾವ ಎಂದಳು.

ನಡು ಸೀಟಿನ ಕೆಳಗೆ ಏನಿದೆಯೆಂದು ಗೊತ್ತಿದ್ದವನು ಅವನೊಬ್ಬನೇ. ಹನ್ನೆರಡು ವರ್ಷದ ಹಿಂದೆ ದೋಣಿ ಬಂಡೆಗೆ ಉಜ್ಜಿ ತಳ ಸೀಳಿದಾಗ, ಮೂತಿಯೊಂದನ್ನು ಬಿಟ್ಟು ತಳದುದ್ದಕ್ಕೂ ಫೈಬರಿನ ಎರಡು ಪದರದ ನಡುವೆ ಪ್ಲೈವುಡ್ ಕೂರಿಸಿ ಮೇಲೆ ಬಣ್ಣ ಬಳಿಸಿದ್ದ. ಒಳಗೆ ಮರವಿದ್ದರೆ ಶಬ್ದ ಹಾಯುವುದಿಲ್ಲ ಎಂಬುದನ್ನು ಸೊಸೆಯೇ ಹಿಂದಿನ ದಿನ ಕೈಪಿಡಿ ನೋಡಿ ಓದಿ ಹೇಳಿದ್ದಳು. ಒಳ್ಳೆಯ ವಿದ್ಯಾರ್ಥಿಯಂತೆ ಅವನು ಗಮನವಿಟ್ಟು ಕೇಳಿದ್ದ.

ಆದರೆ ಆ ಕೈಪಿಡಿಯಲ್ಲಿ ಇನ್ನೊಂದು ಮಾತೂ ಇತ್ತು. ಅಂಟಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಸೋಪನ್ನು ಮುಳುಗಿಸಿ, ಚೀಲವನ್ನು ತಳದ ಮೇಲಿಟ್ಟು ಪರೀಕ್ಷೆ ಮಾಡಬೇಕು. ಸೊಸೆ ಬ್ರೆಡ್ಡಿನ ಚೀಲಗಳನ್ನು ತಂದಳು. ಜೆಟ್ಟಿಯ ಪಕ್ಕದಲ್ಲಿ ದೋಣಿ ನೀರಿನ ಮೇಲೆ ತೇಲುತ್ತಿರಲು, ಅವಳು ಸೀಟಿನ ಕೆಳಗೆ ತಲೆ ತೂರಿಸಿ ಚೀಲವಿಟ್ಟಳು. ಪರದೆ ಖಾಲಿ. ಮಾವ ಲೊಚಗುಟ್ಟಿದ. ಸ್ವಲ್ಪ ಹಿಂದಕ್ಕೆ ಇಡು ಮಗಳೇ ಎಂದ, ಅಲ್ಲೂ ಪ್ಲೈವುಡ್ಡು. ಎಡಕ್ಕೆ ಸರಿಸು ಎಂದ, ಅಲ್ಲೂ ಅದೇ. ಮಧ್ಯಾಹ್ನದ ಹೊತ್ತಿಗೆ ಮೂರು ಚೀಲ ಒಡೆದು ಸೊಸೆ ಮೊಣಕಾಲಿನ ತನಕ ತೊಯ್ದಿದ್ದಳು. ಕೊನೆಗೆ ಅವಳು ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಉದ್ದಕ್ಕೂ ತಟ್ಟುತ್ತ, ವೈದ್ಯರು ಎದೆ ತಟ್ಟಿ ಕೇಳುವಂತೆ ಕಿವಿಗೊಟ್ಟು ಕೇಳಿದಳು. ಎಲ್ಲ ಕಡೆ ಟೊಕ್ಕೆಂದು ಮಂಕು ಸದ್ದು. ಮೂತಿಯ ಹತ್ತಿರ ಮಾತ್ರ ಠಣ್ಣೆಂದಿತು. ಆದರೆ ದೋಣಿ ಓಡುವಾಗ ಮೂತಿ ನೀರಿನಿಂದ ಮೇಲೇಳುತ್ತದೆ, ಅಲ್ಲಿ ಅಂಟಿಸಿ ಉಪಯೋಗವಿಲ್ಲ. ಒಳಗೆಲ್ಲ ಮರ ಇದ್ದ ಹಾಗಿದೆ ಎಂದು ಅವಳು ಅಂದಾಗ, ಹೌದಾ ಎಂದು ನಲವತ್ತಣ್ಣ ಕಣ್ಣರಳಿಸಿದ.

ಹಿಂಬದಿಯ ಹಲಗೆಯೇ ಗಟ್ಟಿ ಎಂದಾಯಿತು. ಹಲಗೆಗೆ ಮತ್ತೆ ಮತ್ತೆ ತೂತು ಕೊರೆಯುವುದು ಬೇಡವೆಂದು ಸೊಸೆ ಒಂದು ಉಪಾಯ ಹೂಡಿದಳು. ಒಂದು ದಪ್ಪ ಪ್ಲಾಸ್ಟಿಕ್ ಪಟ್ಟಿಯನ್ನು ಸದ್ಯಕ್ಕೆ ಕ್ಲ್ಯಾಂಪುಗಳಿಂದ ಕಚ್ಚಿಸಿ, ಅದಕ್ಕೆ ಸೋಪನ್ನು ಕಟ್ಟಿ, ಬೇಕಾದ ಕಡೆ ಸರಿಸಿ ಸರಿಸಿ ನೋಡುವುದು. ಜಾಗ ಖಚಿತವಾದ ಮೇಲೆ ಎರಡೇ ಸ್ಕ್ರೂ. ಪಟ್ಟಿಗೆಂದು ಅವಳು ಅಡುಗೆಮನೆಯ ತರಕಾರಿ ಹೆಚ್ಚುವ ಬಿಳಿ ಹಲಗೆಯನ್ನೇ ಎತ್ತಿಕೊಂಡು ಬಂದಳು. ಜೆಟ್ಟಿಯಲ್ಲಿ ಟಿಕೆಟ್ಟೂ ಚಹಾವೂ ಒಂದೇ ಕಿಟಕಿಯಿಂದ ಮಾರುತ್ತಿದ್ದ ಅವಳ ಅತ್ತೆ ಅದನ್ನು ಗುರುತು ಹಿಡಿದರೂ ಏನೂ ಅನ್ನಲಿಲ್ಲ. ತನ್ನ ಹೆಂಡತಿ ಸುಮ್ಮನಿದ್ದದ್ದು ಕಂಡು ನಲವತ್ತಣ್ಣನಿಗೆ ತುಸು ಆಶ್ಚರ್ಯವಾಯಿತು. ಅವನು ಆ ಹಲಗೆಯ ಮೇಲೆ ಒಮ್ಮೆ ಗಾಳದ ಹುಳ ಹೆಚ್ಚಿದ್ದಕ್ಕೆ ಅವಳು ವಾರವಿಡೀ ಮಾತು ಬಿಟ್ಟಿದ್ದಳು.

ಅವನ ಸಲಹೆಗಳು ಈಗ ರಂಗೇರಿದವು. ಮೊದಲ ದಿನ ಪ್ರೊಪೆಲರಿಗೆ ಅಂಟಿಕೊಂಡಂತೆ ಹಾಕಿಸಿದ. ಅಲ್ಲಿ ಕಳೆ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಕಾರಣ. ನಿಂತಲ್ಲಿ ಚೆನ್ನಾಗಿದ್ದ ಪರದೆ, ದೋಣಿ ಹೊರಟದ್ದೇ ಹತ್ತಿ ಹಿಂಜಿದಂತೆ ಬೆಳ್ಳಗಾಯಿತು. ಎರಡನೆಯ ದಿನ ಎಡಗಡೆ, ತಳದ ಉಬ್ಬುಪಟ್ಟಿಯ ನೇರಕ್ಕೆ. ಆ ಪಟ್ಟಿ ನೀರನ್ನು ಸೀಳಿ ನೊರೆ ಎಬ್ಬಿಸುತ್ತದೆ ಎಂದು ಮೂವತ್ತನಾಲ್ಕು ವರ್ಷ ದೋಣಿಯ ಹಿಂಬದಿಯಲ್ಲಿ ಕೂತು ನೋಡಿದವನಿಗೆ ಗೊತ್ತಿತ್ತು. ಮೂರನೆಯ ದಿನ ಬಲಗಡೆಯ ತೀರ ಅಂಚಿಗೆ, ಅದೂ ಗೇಣು ಮೇಲಕ್ಕೆ. ತಿರುವಿನಲ್ಲಿ ಸೋಪು ಗಾಳಿಯಲ್ಲಿ ನೇತಾಡಿತು. ಒಂದೊಂದಕ್ಕೂ ಅವನು ಎಂಥ ಕಾರಣ ಕೊಡುತ್ತಿದ್ದನೆಂದರೆ ಕೆಲವು ಅವನಿಗೇ ನಿಜವೆನ್ನಿಸುತ್ತಿದ್ದವು. ಬೆಳ್ಳಿಹಲ್ಲಿನವನು ಪಕ್ಕದಿಂದ ಹಾದುಹೋಗುತ್ತ ತನ್ನ ಪರದೆಯನ್ನು ಇವರತ್ತ ತಿರುಗಿಸಿ, ಮೀನು ಬೇಕಾದರೆ ನಮ್ಮ ಕಡೆಯಿಂದ ಎರಡು ಹಿಡಿ ತಗೊಳ್ಳಿ ಎಂದು ಹಲ್ಲು ಮಿಂಚಿಸಿದ.

ಹಾಗಾದರೆ ಬಲಗಡೆ, ಪ್ರೊಪೆಲರಿನಿಂದ ಒಂದೂವರೆ ಮೊಳ ದೂರಕ್ಕೆ ಹಾಕಿದರೆ ಹೇಗೆ ಎಂದು ಸೊಸೆ ಆ ಸಂಜೆ ಮುಗ್ಧವಾಗಿ ಕೇಳಿದಳು. ನಲವತ್ತಣ್ಣ ಬೆಚ್ಚಿದ. ಇಡೀ ಹಿಂಬದಿಯಲ್ಲಿ ನೀರು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ ಜಾರುವ ಜಾಗ ಅದೊಂದೇ. ಅಲ್ಲಿ ಮಾತ್ರ ಬೇಡ ಮಗಳೇ, ದೋಣಿಯನ್ನು ಗಾಡಿಗೆ ಏರಿಸುವಾಗ ಉರುಳೆ ಅಲ್ಲೇ ತಾಗುತ್ತೆ, ಪುಡಿಪುಡಿ ಆಗುತ್ತೆ ಎಂದ. ಉರುಳೆ ತಾಗುತ್ತಿದ್ದದ್ದು ಎಡಗಡೆಗೆ.

ಮರುದಿನ ಬೆಳಿಗ್ಗೆ ಕನ್ನಡಕ ಹುಡುಕುತ್ತ ಅವನು ಮುಂದಿನ ಕೋಣೆಗೆ ಹೋದ. ಸೊಸೆ ಬೆನ್ನು ಹಾಕಿ ಕೂತು ಯಾರದೋ ಇಸ್ತ್ರಿಪೆಟ್ಟಿಗೆಯ ವೈರು ಬೆಸೆಯುತ್ತಿದ್ದಳು. ಅವಳ ತಲೆಯ ಮೇಲೆ, ಗೋಡೆಗೆ, ಒಂದು ಹಾಳೆ ಸಿಕ್ಕಿಸಿತ್ತು. ದೋಣಿಯ ಹಿಂಬದಿಯ ಚಿತ್ರ. ನಡುವೆ ಪ್ರೊಪೆಲರು, ಸುತ್ತ ಕಡ್ಡಿಪೆನ್ಸಿಲಿನ ಗುರುತುಗಳು. ಪ್ರೊಪೆಲರಿನ ಪಕ್ಕ ಒಂದು ಗುಣಿಸುವ ಚಿಹ್ನೆ. ಉಬ್ಬುಪಟ್ಟಿಯ ನೇರಕ್ಕೆ ಒಂದು. ಬಲಗಡೆಯ ಅಂಚಿಗೆ ಒಂದು. ಬಲಕ್ಕೆ, ಒಂದೂವರೆ ಮೊಳ ದೂರದಲ್ಲಿ, ದುಂಡಗೆ ಒಂದು ಸೊನ್ನೆ.

"ಇದೇನಮ್ಮಾ ಇದು?"

"ನೀವು ಹೇಳಿದ್ದೆಲ್ಲ ಬರ್ಕೊಂಡೆ ಮಾವ," ಎಂದಳು ಸೊಸೆ, ತಿರುಗದೆ. "ಹಾಕು ಅಂದ ಕಡೆಗೆಲ್ಲ ಗುಣಿಸೋ ಗುರುತು. ಹಾಕ್ಬೇಡ ಅಂದ ಕಡೆಗೆ ಸೊನ್ನೆ."

"ಸೊನ್ನೆ ಒಂದೇ ಇದೆಯಲ್ಲ."

"ಒಂದೇ ಸಾಕಲ್ವಾ. ನಮ್ಮ ಹತ್ರ ಇರೋದೂ ಒಂದೇ ಸೋಪು." ಅವಳು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಊದಿದಳು. "ಒಂದು ಸಲವೂ ತಪ್ಪದೆ ತಪ್ಪು ಜಾಗಾನೇ ತೋರಿಸ್ಬೇಕಂದ್ರೆ, ಸರಿಯಾದ ಜಾಗ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿರ್ಬೇಕು. ನಿಮ್ಮಷ್ಟು ಆ ದೋಣೀನ ಯಾರು ತಿಳ್ಕೊಂಡಿದ್ದಾರೆ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿಸಿಕೊಂಡು ಸಿಕ್ಕಿಬಿದ್ದವನು ಏನು ಮಾಡಬೇಕು. ನಲವತ್ತಣ್ಣ ಕನ್ನಡಕವನ್ನು ಮರೆತು ಹೊರಗೆ ಬಂದ. ಅವಳು ಯಾಕೆ ಎಂದು ಮಾತ್ರ ಕೇಳಲೇ ಇಲ್ಲ. ಅದಕ್ಕೊಂದು ಒಳ್ಳೆಯ ಸುಳ್ಳನ್ನು ನಾಲ್ಕು ದಿನದಿಂದ ಪಾಲಿಶ್ ಮಾಡಿ ಇಟ್ಟುಕೊಂಡಿದ್ದ; ಅದು ಹಾಗೇ ಉಳಿಯಿತು.

ಅದೇ ಮಧ್ಯಾಹ್ನ ದೋಣಿಯನ್ನು ಮೇಲಕ್ಕೆಳೆದು ಕೆಲಸ ಶುರುವಾಯಿತು. ಸೊಸೆ ಎರಡು ತೂತು ಕೊರೆದು, ತುಂಬ ಸಿಲಿಕೋನ್ ಹಿಂಡಿ, ಬಿಳಿ ಹಲಗೆಯನ್ನು ಬಿಗಿದಳು. ವೈರನ್ನು ಎಂಜಿನ್ನಿನ ವೈರುಗಳ ಜೊತೆ ಬೆರೆಸದೆ ಬೇರೆ ಅಂಚಿನಲ್ಲಿ ತಂದಳು. ಉಳಿದದ್ದನ್ನು ಕತ್ತರಿಸದೆ ಸಿಂಬಿ ಸುತ್ತಿ ಸೀಟಿನಡಿ ಕಟ್ಟಿದಳು. ಸ್ಕ್ರೂ ಹಿಡಿದುಕೊಂಡು ನಿಂತಿದ್ದ ನಲವತ್ತಣ್ಣ, ಇನ್ನು ತನಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮುಖ ಮಾಡಿಕೊಂಡಿದ್ದ. ಆದರೆ ಸೋಪು ಕೂರುವ ಹೊತ್ತಿಗೆ ಅವನ ಕಣ್ಣು ತಡೆಯಲಿಲ್ಲ. ಅದು ತಳದ ಮಟ್ಟಕ್ಕಿಂತ ಒಂದಿಷ್ಟು ಕೆಳಗಿರಬೇಕಿತ್ತು, ನೀರಿನಲ್ಲಿ ದೋಣಿ ಕೂರುವ ಓರೆಗೆ ಹೊಂದಬೇಕಿತ್ತು. ಸೊಸೆ ಮಟ್ಟಗೋಲು ಹಿಡಿದು ಲೆಕ್ಕ ಹಾಕುತ್ತಿರುವಾಗ ಅವನು ಕೂತು, ಒಂದು ಕಣ್ಣು ಮುಚ್ಚಿ, ಹಿಂದೆ ಒಂದು ನೂಲೆಳೆ ಇಳಿಸು ಎಂದ. ಅಂದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಸೊಸೆ ಇಳಿಸಿದಳು. ಏನಮ್ಮಾ, ಈಗ ಸರಿಹೋಯ್ತು ಎಂದೂ ಅವನೇ ಹೇಳಿದ.

ಭಾನುವಾರ ಮೊದಲ ಗಿರಾಕಿಯಾಗಿ ಬಂದವರು ಹಲ್ಲಿನ ಡಾಕ್ಟರು. ತಿಂಗಳಿಗೊಮ್ಮೆ ಬಂದು, ಮಾತು ಹೆಚ್ಚು ಮೀನು ಕಮ್ಮಿ ಹಿಡಿದು ಹೋಗುವವರು. ಸೊಸೆ ಪರದೆಯ ಪಕ್ಕ ಕೂತಳು. ನಲವತ್ತಣ್ಣ ಹಿಂದೆ ಚುಕ್ಕಾಣಿ ಹಿಡಿದ. ದೋಣಿ ವೇಗ ಹಿಡಿದರೂ ಪರದೆಯ ಮೇಲಿನ ಗೆರೆ ಕದಲಲಿಲ್ಲ. ತಳದ ಏರಿಳಿತ, ಮುಳುಗಿದ ಮರ, ಮರದ ಮಗ್ಗುಲಲ್ಲಿ ಐದಾರು ಮೀನು, ಎಲ್ಲ ಕನ್ನಡಿಯಲ್ಲಿ ಕಂಡಂತೆ. ಕೆಲಸ ಇಷ್ಟು ಚೆನ್ನಾಗಿ ಆದದ್ದಕ್ಕೆ ಹೆಮ್ಮೆಪಡಬೇಕೋ ಕೆರೆಗೆ ಹಾರಬೇಕೋ ಅವನಿಗೆ ತಿಳಿಯಲಿಲ್ಲ. ಗುಂಡಿಯ ನೇರ ಬಿಟ್ಟು ಮೆಲ್ಲಗೆ ಬಲಕ್ಕೆ ತಿರುಗಿಸಿದ. ಎಡಕ್ಕೆ ಮಾವ, ತಳ ಎಡಕ್ಕೆ ಇಳೀತಿದೆ ಎಂದಳು ಸೊಸೆ. ಕಿವಿ ಕೇಳದವನಂತೆ ಕೂತ. ಡಾಕ್ಟರೂ ಎಡಕ್ಕೆ ಕೈ ತೋರಿಸಿದರು. ಬೇರೆ ದಾರಿಯಿರಲಿಲ್ಲ.

ಗುಂಡಿಯ ಮೇಲೆ ದೋಣಿ ನಿಂತಿತು. ಕನ್ನಡಕ ಮನೆಯಲ್ಲಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡು ನಲವತ್ತಣ್ಣ ಆಚೆ ದಡದ ಮರಗಳನ್ನು ನೋಡತೊಡಗಿದ. ಬೆನ್ನ ಹಿಂದೆ ಡಾಕ್ಟರು ಪರದೆಗೆ ಬಗ್ಗಿ ಗಟ್ಟಿಯಾಗಿ ಓದಿದರು.

"ನಲವತ್ತೂವರೆ."

ನಲವತ್ತಣ್ಣ ತಿರುಗಿ ನೋಡಿದ. ಡಾಕ್ಟರು ಮತ್ತೊಮ್ಮೆ ಓದಿ, ಅವನ ಕೈ ಕುಲುಕಿದರು. ಸೊಸೆ ಗಾಳದ ದಾರ ಬಿಡಿಸುವುದರಲ್ಲಿ ಮುಳುಗಿದ್ದಳು.

ಆಮೇಲಿನ ಮೂರು ದಿನ ನಲವತ್ತಣ್ಣ ಪ್ರಾಮಾಣಿಕನಾಗಿ ಬದುಕಿದ. ತಾನು ಹರೆಯದಲ್ಲಿ ಅಳೆದದ್ದೇ ತಪ್ಪಿರಬೇಕು. ಕಲ್ಲು ಯಾವುದೋ ಬಂಡೆಯ ಮೇಲೆ ಕೂತಿರಬೇಕು. ಬಾಯಿ ತಪ್ಪಿ ಬಂದ ಸುಳ್ಳೇ ಸತ್ಯವಾಗಿತ್ತು. ಇಷ್ಟು ವರ್ಷ ಸುಮ್ಮನೆ ಮನಸ್ಸಿನಲ್ಲಿ ಅಳುಕಿಕೊಂಡು ಓಡಾಡಿದೆನಲ್ಲ ಎಂದು ತನ್ನ ಬಗ್ಗೆ ಮರುಕ ಬಂತು. ಜೆಟ್ಟಿಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆದ. ಬೆಳ್ಳಿಹಲ್ಲಿನವನನ್ನು ನಿಲ್ಲಿಸಿ, ಯಂತ್ರವೇ ಹೇಳಿದೆ ಎಂದ. ಎಳೆಗರುವಿನ ಗಾತ್ರದ ಮೀನೂ ಅಲ್ಲೇ ಎಲ್ಲೋ ಇರಬಹುದೆಂದು ಅವನಿಗೆ ಅನ್ನಿಸತೊಡಗಿತ್ತು.

ನಾಲ್ಕನೆಯ ದಿನ ದೋಣಿ ಒರೆಸುತ್ತಿದ್ದಾಗ ಪರದೆಯ ಮೂಲೆಯಲ್ಲಿ, ಅಂಕಿ ಬರುವ ಜಾಗದ ಪಕ್ಕ, ಹೆಬ್ಬೆರಳಿಗೆ ಏನೋ ಎದ್ದುಬಂತು. ಉಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪು. ಅದರಡಿ ಇದ್ದ ಎರಡು ಪುಟ್ಟ ಅಕ್ಷರಗಳನ್ನು ಕನ್ನಡಕ ಏರಿಸಿಕೊಂಡು ನೋಡಿದ. ಬಡಗಿಯ ಅಳತೆಪಟ್ಟಿಯ ಮೇಲೆ ಇರುವ ಅಕ್ಷರಗಳೇ ಅವು. ಅಡಿ. ಮಾರಲ್ಲ, ಅಡಿ. ನಲವತ್ತೂವರೆ ಅಡಿ. ದೋಣಿಯ ಅಂಚಿನ ಮೇಲೆ ಕೂತು ಬೆರಳು ಮಡಚಿದ. ಮಾರಿಗೆ ಆರಡಿ. ಏಳಾರಲೆ ನಲವತ್ತೆರಡು. ಅದರಲ್ಲಿ ಒಂದು ಮೊಳ, ಒಂದೂವರೆ ಅಡಿ, ಕಳೆದರೆ.

ಇನ್ನೊಮ್ಮೆ ಮಡಚಿ ಎಣಿಸಿದ. ಅಷ್ಟೇ ಬಂತು. ಏಳು ಮಾರಿಗೆ ಒಂದು ಮೊಳ ಕಮ್ಮಿ.

ನೇರವಾಗಿ ಟಿಕೆಟ್ ಕಿಟಕಿಗೆ ಹೋಗಿ ಟೇಪನ್ನು ಹೆಂಡತಿಯ ಮುಂದಿಟ್ಟ. ಅವಳು ಲೋಟ ಒರೆಸುತ್ತಿದ್ದಳು. ಅಂಟಿಸು ಅಂತ ಹೇಳಿಕೊಟ್ಟವಳು ನಾನೇ, ಯಂತ್ರದಲ್ಲಿ ಮೀಟರು ಬರ್ತಿತ್ತಂತೆ, ಅದನ್ನ ಅಡಿಗೆ ತಿರುಗಿಸಿದ್ದು ಸೊಸೆ ಎಂದಳು.

"ಆಳ ಇಷ್ಟೇ ಅಂತ ನಿನಗೆ ಹೇಗೆ ಗೊತ್ತು?"

"ನೀವು ಅಳೆದದ್ದು ಯಾವ ಹಗ್ಗದಲ್ಲಿ ಹೇಳಿ. ನನ್ನ ಬಟ್ಟೆ ಒಣಹಾಕೋ ಹಗ್ಗ. ಮದುವೆಯಾಗಿ ಹದಿನೈದು ದಿನವೂ ಆಗಿರಲಿಲ್ಲ. ಕದ್ದು ತಗೊಂಡು ಹೋದ್ರಿ, ಕದ್ದು ತಂದು ಕಟ್ಟಿದ್ರಿ. ಎಲ್ಲೀತನಕ ಒದ್ದೆ ಅಂತ ನೋಡೋಕೆ ನನಗೆ ಕಣ್ಣಿರಲಿಲ್ವಾ? ನಾನೂ ಅಳೆದೆ. ಎಂಟು ಮಾರು."

"ಎಂಟಲ್ಲ," ಎಂದ ನಲವತ್ತಣ್ಣ ತಕ್ಷಣ. "ಏಳಕ್ಕೆ ಒಂದು ಮೊಳ ಕಮ್ಮಿ. ನಿನ್ನ ಕೈ ಗಿಡ್ಡ."

ಅವಳು ನಗಲು ಶುರುಮಾಡಿದವಳು ಲೋಟ ಕೆಳಗಿಡಬೇಕಾಯಿತು. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ. ಕೇಳಿದ್ದರೆ ಹೇಳುತ್ತಿದ್ದೆ, ಕೇಳಲಿಲ್ಲ ಎಂದಳು. ಸೊಸೆಯೂ, ಮಾವ ಯಾಕೆ ಹೀಗೆ ಆಡುತ್ತಿದ್ದಾರೆಂದು ಮೊದಲ ದಿನವೇ ಬಂದು ಕೇಳಿದ್ದಳಂತೆ. ಕೇಳಿದವಳಿಗೆ ಹೇಳಿದ್ದಳು. ಇಬ್ಬರೂ ಸೇರಿ ನಾಲ್ಕು ದಿನ ಅವನ ಸಲಹೆಗಳನ್ನು ಸಂಜೆ ಸಂಜೆ ನೆನೆಸಿಕೊಂಡು ನಕ್ಕಿದ್ದರು. ತರಕಾರಿ ಹಲಗೆ ಹೋದರೆ ಹೋಗಲಿ ಎಂದು ಅವಳು ಸುಮ್ಮನಿದ್ದದ್ದೂ ಅದಕ್ಕೇ.

ಸಿಕ್ಕಿಬಿದ್ದ ನಾಚಿಕೆ ಒಂದು ಗಂಟೆಯಲ್ಲಿ ಇಳಿಯಿತು. ಅದರ ಜಾಗಕ್ಕೆ ಬಂದ ಸಂಕಟ ಇಳಿಯಲಿಲ್ಲ. ಬಟ್ಟೆಯ ಹಗ್ಗ, ತಕ್ಕಡಿಯ ಕಲ್ಲು, ಎರಡು ಕೈ. ಇಷ್ಟರಲ್ಲಿ ತಾನು ಅಳೆದದ್ದನ್ನು ಯಂತ್ರ ಬಂದು ಒಂದು ಬೆರಳೂ ಆಚೀಚೆಯಿಲ್ಲದೆ ಒಪ್ಪಿಕೊಂಡಿತ್ತು. ಜೀವಮಾನದಲ್ಲಿ ಕೊಚ್ಚಿಕೊಳ್ಳಲು ಯೋಗ್ಯವಾದದ್ದು ಇದೊಂದೇ. ಇದನ್ನೊಂದನ್ನೇ ಯಾರ ಮುಂದೆಯೂ ಹೇಳುವಂತಿಲ್ಲ. ಟೇಪನ್ನು ಅವನೇ ಮತ್ತೆ ಅಂಟಿಸಿ, ಮೇಲೆ ಹೆಬ್ಬೆರಳಿನಿಂದ ಒತ್ತಿದ. ಊಟಕ್ಕೆ ಕೂತರೂ ಏಳಕ್ಕೆ ಒಂದು ಮೊಳ ಕಮ್ಮಿ ಎಂದು ಗೊಣಗುತ್ತಿದ್ದ.

ಮುಂದಿನ ಭಾನುವಾರ ಹಲ್ಲಿನ ಡಾಕ್ಟರು ಮತ್ತೆ ಬಂದರು, ತಿಂಗಳು ಕಾಯಲಾಗಲಿಲ್ಲವಂತೆ. ಗುಂಡಿಯ ಮೇಲೆ ಕೂತು ಗಾಳ ಹಾಕಿ, ಪರದೆಯನ್ನೊಮ್ಮೆ ನೋಡಿ, ಪ್ರೀತಿಯಿಂದಲೇ ಅಂದರು.

"ಕಣ್ಣಂದಾಜಲ್ಲಿ ನಲವತ್ತು ಅಂದಿದ್ದೀರಲ್ಲ, ದೊಡ್ಡ ಮಾತು. ಬರೀ ಅರ್ಧ ಮಾರು ತಪ್ಪಿದ್ದೀರಿ."

ನಲವತ್ತಣ್ಣನ ಮುಖ ಕೆಂಪಾಯಿತು. ಸುಳ್ಳ ಎಂದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ತಪ್ಪಿದ್ದೀರಿ ಎಂದದ್ದು ತಡೆಯಲಾಗಲಿಲ್ಲ. ಚುಕ್ಕಾಣಿ ಬಿಟ್ಟು ಎದ್ದುಬಂದು, ಪರದೆಯ ಮೂಲೆಯ ಟೇಪನ್ನು ಕಿತ್ತು ಡಾಕ್ಟರ ಅಂಗೈಯಲ್ಲಿಟ್ಟ.

"ಅರ್ಧ ಮಾರೂ ತಪ್ಪಿಲ್ಲ, ಅರ್ಧ ಬೆರಳೂ ತಪ್ಪಿಲ್ಲ ಸ್ವಾಮಿ. ಏಳು ಮಾರಿಗೆ ಒಂದು ಮೊಳ ಕಮ್ಮಿ. ನಾನೇ ಅಳೆದದ್ದು, ಮೂರು ಸಲ. ನೋಡಿ, ಮಷೀನು ಅದನ್ನೇ ಹೇಳ್ತಿದೆ."

ಆಮೇಲೆ ತಡೆಯಿಲ್ಲದೆ ಎಲ್ಲವೂ ಬಂತು: ಹಗ್ಗ, ಕಲ್ಲು, ಏರಿದ ಹುಬ್ಬು, ಪ್ಲೈವುಡ್ಡು, ಗೋಡೆಯ ಮೇಲಿನ ಸೊನ್ನೆ. ಡಾಕ್ಟರು ಮೊದಲು ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಗಾಳವನ್ನು ಕೈಬಿಟ್ಟು ನಕ್ಕರು. ಕೊನೆಗೆ ಎರಡೂ ಕೈ ಚಾಚಿ ನಿಲ್ಲಲು ಹೇಳಿ ಅವನ ಮಾರನ್ನು ತಾವೇ ಅಳೆದು ನೋಡಿದರು. ಸರಿಯಾಗಿ ಆರಡಿ. ದೋಣಿ ಅಷ್ಟರಲ್ಲಿ ತಿರುಗಿಕೊಂಡು ದಡದ ಕಡೆ ಹೊರಟಿತ್ತು. ಸೊಸೆ ಸದ್ದಿಲ್ಲದೆ ಹೋಗಿ ಚುಕ್ಕಾಣಿ ಹಿಡಿದಳು. ಅವಳ ಭುಜ ಕುಲುಕುತ್ತಿದ್ದದ್ದು ಎಂಜಿನ್ನಿನಿಂದಲ್ಲ.

ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರೆಲ್ಲ ಆ ವಾರ ಇದೇ ಕಥೆ ಕೇಳಿದರು. ತಿರುಗಿ ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ, ಹಾಗಾಗಿ ಪೂರ್ತಿ ಕೇಳಿದರು. ಕೇಳಿದವರಲ್ಲಿ ಕೆಲವರು ಏಳು ಮಾರಿನ ಗುಂಡಿಯನ್ನೂ ಅದನ್ನು ಅಳೆದ ಕೈಗಳನ್ನೂ ನೋಡಲು ಜೆಟ್ಟಿಗೆ ಬಂದರು.

ಸಿಟ್ಟಾದವನು ಬೆಳ್ಳಿಹಲ್ಲಿನವನೊಬ್ಬನೇ. ಟಿಕೆಟ್ ಕಿಟಕಿಯ ಮುಂದೆ ನಿಂತು, ನಲವತ್ತು ಮಾಡಿದವರು ನೀವು, ನಾವೆಲ್ಲ ನಂಬಿಕೊಂಡು ಅದರ ಮೇಲೆ ದೋಣಿ ಓಡಿಸಿದೆವು, ಈಗ ನಿಮ್ಮ ಮನಸ್ಸಿಗೆ ಬಂತೆಂದು ಇಳಿಸಿದರೆ ಹೇಗೆ ಎಂದು ಜಗಳಕ್ಕೇ ಬಂದ. ನಲವತ್ತಣ್ಣನಿಗೆ ಅವನ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು. ಪಶ್ಚಾತ್ತಾಪದಿಂದ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅವನ ಸೋಪು ಕೂತಿರುವ ಜಾಗ ತಪ್ಪೆಂದೂ, ಬಲಗಡೆ ಒಂದೂವರೆ ಮೊಳ ಸರಿಸಿದರೆ ನಿಜವಾದ ಮೀನು ಕಾಣುತ್ತದೆಂದೂ, ತಾನೇ ನಿಂತು ಹಾಕಿಸಿಕೊಡುವುದಾಗಿಯೂ ಮನಸಾರೆ ಹೇಳಿದ. ಬೆಳ್ಳಿಹಲ್ಲಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಸ್ವಂತ ಸೊಸೆಗೇ ನಾಲ್ಕು ದಿನ ತಪ್ಪು ಜಾಗ ತೋರಿಸಿದ ಮನುಷ್ಯ ತನಗೆ ಸರಿಯಾದ ಜಾಗ ತೋರಿಸುತ್ತಾನೆಯೇ. ಮರುದಿನ ಅವನು ತನ್ನ ಸೋಪನ್ನು ಕಿತ್ತು, ಪ್ರೊಪೆಲರಿಗೆ ಇನ್ನೂ ನಾಲ್ಕು ಬೆರಳು ಹತ್ತಿರ ಜಡಿದ.

ಆ ಕೆರೆಗೆ ಈಗ ಎರಡು ಆಳ. ಬೆಳ್ಳಿಹಲ್ಲಿನವನ ದೋಣಿ ಹತ್ತಿದವರಿಗೆ ನಲವತ್ತು ಮಾರು, ಜೊತೆಗೆ ಪರದೆಯ ತುಂಬ ಮೀನು. ಈ ಕಡೆ ಹತ್ತಿದವರಿಗೆ ಏಳಕ್ಕೆ ಒಂದು ಮೊಳ ಕಮ್ಮಿ. ಕಿಟಕಿಯಲ್ಲಿ ನಲವತ್ತಣ್ಣನ ಹೆಂಡತಿ ಚಹಾ ಕೊಡುತ್ತ, ನಿಮಗೆ ಎಷ್ಟು ಆಳದ ಕೆರೆ ಬೇಕು ಎಂದು ಕೇಳಿಯೇ ದೋಣಿ ತೋರಿಸುತ್ತಾಳೆ.